ಗಡಿಯಂಚಿನಲ್ಲಿ, ವಿದ್ಯುತ್ ತಂತಿಯ ಬಳಿಯಲ್ಲಿ ಗಿಡ ನೆಡುವ ಮುನ್ನ

ನರ್ಸರಿಯಿಂದ ತಂದ ಮೊಣಕಾಲೆತ್ತರದ ಸಸಿಯನ್ನು ಬೇಲಿಯ ಪಕ್ಕದಲ್ಲಿ ಗುಂಡಿ ತೋಡಿ ನೆಡುವುದು ಕೆಲವೇ ನಿಮಿಷಗಳ ಕೆಲಸ. ಅದೇ ಸಸಿ ಹದಿನೈದು ವರ್ಷಗಳ ಮರವಾದಾಗ ಅದರ ನೆರಳು ಪಕ್ಕದವರ ಬೆಳೆಯ ಮೇಲೆ ಬೀಳುತ್ತದೆ, ಬೇರು ಅವರ ಕಾಂಪೌಂಡಿನ ಅಡಿಗೆ ಇಳಿಯುತ್ತದೆ, ಮೇಲೆ ತಂತಿ ಇದ್ದರೆ ಮಳೆಗಾಲದ ಪ್ರತಿ ಗಾಳಿಗೂ ಊರಿನ ಕರೆಂಟು ಹೋಗುತ್ತದೆ. ಆಗ ಮರ ಕಡಿಯುವುದೇ ಉಳಿದ ದಾರಿಯಾಗುತ್ತದೆ. ಆ ದಾರಿಯಲ್ಲಿ ಮರವೂ ಹೋಗುತ್ತದೆ, ನೆರೆಹೊರೆಯ ಬಾಂಧವ್ಯವೂ ಹೋಗುತ್ತದೆ. ಆದುದರಿಂದ ಗಡಿಯಂಚಿನ ನೆಡುವಿಕೆಯ ನಿಯಮಗಳನ್ನೆಲ್ಲ ಗುಂಡಿ ತೋಡುವ ಮೊದಲೇ ಓದಿಕೊಳ್ಳಬೇಕು. ಕರ್ನಾಟಕದ ಹಳ್ಳಿ ಮತ್ತು ಪಟ್ಟಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವ ಅಳತೆಯನ್ನು ಎಲ್ಲಿಂದ ಹಿಡಿಯಬೇಕು, ಯಾವ ಕಚೇರಿಯನ್ನು ಯಾವಾಗ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗಡಿ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಹೊಲದ ಬದು ಮತ್ತು ದಾಖಲೆಯ ಗಡಿ ಎರಡೂ ಒಂದೇ ಆಗಿರಬೇಕೆಂದಿಲ್ಲ. ತಲೆಮಾರುಗಳ ಉಳುಮೆಯಲ್ಲಿ ಬದು ಅತ್ತಿತ್ತ ಸರಿದಿರುತ್ತದೆ, ಬೇಲಿ ಬದಲಾಯಿಸುವಾಗ ಒಂದೆರಡು ಅಡಿ ಹೆಚ್ಚುಕಡಿಮೆಯಾಗಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ನಿಲ್ಲುವ ಮರವನ್ನು ಅಂತಹ ಅಂದಾಜಿನ ಗೆರೆಯ ಮೇಲೆ ನಿಲ್ಲಿಸುವುದು ಮುಂದಿನ ವ್ಯಾಜ್ಯಕ್ಕೆ ಬೀಜ ಬಿತ್ತಿದಂತೆ. ಸ್ವಲ್ಪವಾದರೂ ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಅವರ ಸಮ್ಮುಖದಲ್ಲಿ ಅಳತೆ ಮಾಡಿ ಗಡಿ ಗುರುತಿಸುತ್ತಾರೆ. ಗಡಿ ಕಲ್ಲುಗಳನ್ನು ಕೀಳುವುದು, ಸರಿಸುವುದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ಶಿಕ್ಷಾರ್ಹ. ಬೇರು ಬಲಿತಾಗ ಕಲ್ಲನ್ನು ಎತ್ತಿಬಿಡುವಂತಹ ಮರವನ್ನು ಕಲ್ಲಿನ ಪಕ್ಕದಲ್ಲೇ ನೆಡುವುದು ಕೂಡ ಇದೇ ಕಾರಣಕ್ಕೆ ಸಲ್ಲದು.

ಪಟ್ಟಣದ ನಿವೇಶನದಲ್ಲಿ ಅಳತೆಯ ತೊಂದರೆ ಕಡಿಮೆ, ಜಾಗದ ತೊಂದರೆ ಹೆಚ್ಚು. ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗವೇ ಸಾಮಾನ್ಯವಾಗಿ ಗಿಡಕ್ಕೆ ಸಿಗುವ ಏಕೈಕ ಜಾಗ. 30×40 ಅಡಿಯ ನಿವೇಶನದಲ್ಲಿ ಆ ಪಟ್ಟಿಯ ಅಗಲ ಒಂದು ಮೀಟರಿನ ಆಸುಪಾಸು. ಅದರಲ್ಲೇ ಸಂಪು, ಒಳಚರಂಡಿಯ ಪೈಪು, ನೀರಿನ ಮೀಟರು ಎಲ್ಲವೂ ಇರುತ್ತವೆ. ಅಲ್ಲಿ ಮರದ ಮಾತೇ ಬೇಡ. ಕರಿಬೇವು, ದಾಸವಾಳ, ಪಾರಿಜಾತ, ನಂದಿಬಟ್ಟಲಿನಂತಹ, ಸವರಿದಷ್ಟೂ ಚಿಗುರುವ ಗಿಡಗಳನ್ನು ಆರಿಸಿಕೊಳ್ಳಬೇಕು. ಮನೆಯ ಮುಂದಿನ ಫುಟ್‌ಪಾತ್ ನಮ್ಮ ಜಾಗವಲ್ಲ. ಅಲ್ಲಿರುವ ಮರವನ್ನು ನಾವೇ ನೆಟ್ಟು ನೀರೆರೆದು ಬೆಳೆಸಿದ್ದರೂ ಅದರ ಮೇಲಿನ ತೀರ್ಮಾನ ಸ್ಥಳೀಯ ಸಂಸ್ಥೆಯದೇ ಆಗಿರುತ್ತದೆ.

ಗಡಿಯಿಂದ ಎಷ್ಟು ಒಳಗೆ?

ಅನುಸರಿಸಲು ಸುಲಭವಾದ ಅಳತೆ ಒಂದಿದೆ. ಬಲಿತಾಗ ಆ ಮರದ ಹರವು ಎಷ್ಟು ಅಗಲವಾಗುತ್ತದೋ ಅದರ ಅರ್ಧದಷ್ಟು ದೂರವನ್ನು ಗಡಿಯಿಂದ ಒಳಕ್ಕೆ ಬಿಟ್ಟು ಬುಡವನ್ನು ಇಡಬೇಕು. ಎಂಟು ಮೀಟರು ಹರಡುವ ಮಾವಿಗೆ ನಾಲ್ಕು ಮೀಟರು, ನೇರವಾಗಿ ಏರುವ ಸಿಲ್ವರ್ ಓಕಿಗೆ ಎರಡು ಮೀಟರು ಸಾಕು. ಮಳೆಮರದಂತಹ, ಒಂದೊಂದೂ ಇಪ್ಪತ್ತು ಮೀಟರಿಗೂ ಮೀರಿ ಹರಡುವ ಮರಕ್ಕೆ ಸಣ್ಣ ಹಿಡುವಳಿಯ ಗಡಿಯಲ್ಲಿ ಜಾಗವೇ ಇಲ್ಲ. ಆಲ, ಅರಳಿ, ಅತ್ತಿ ಈ ಮೂರರ ಬೇರು ಗೋಡೆಯ ಬಿರುಕನ್ನೂ ಪೈಪಿನ ಕೀಲನ್ನೂ ಹುಡುಕಿಕೊಂಡು ಹೋಗುವುದರಿಂದ ಕಟ್ಟಡ, ಬಾವಿ ಮತ್ತು ಒಳಚರಂಡಿಯಿಂದ ಅವುಗಳನ್ನು ಬಹುದೂರವೇ ಇಡಬೇಕು. ಹಕ್ಕಿಗಳು ಹಾಕಿದ ಬೀಜದಿಂದ ಕಾಂಪೌಂಡಿನ ಮೇಲೆ ತಾನಾಗಿ ಹುಟ್ಟಿದ ಅರಳಿಯನ್ನು ಎರಡೆಲೆಯ ಹಂತದಲ್ಲೇ ಕಿತ್ತು ಬೇರೆಡೆ ನೆಟ್ಟರೆ ಮರವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ.

ನೆರಳಿನ ಲೆಕ್ಕವನ್ನು ಹೆಚ್ಚಿನವರು ಹಾಕುವುದಿಲ್ಲ, ಆದರೆ ಹೊಲದ ಜಗಳಗಳಲ್ಲಿ ಬಹುಪಾಲು ನೆರಳಿನಿಂದಲೇ ಹುಟ್ಟುತ್ತವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನಡುಹಗಲಿನಲ್ಲೂ ಮರದ ನೆರಳು ಉತ್ತರಕ್ಕೆ ಬೀಳುತ್ತದೆ. 12 ಮೀಟರು ಎತ್ತರದ ಮರವು ಡಿಸೆಂಬರ್ ಕೊನೆಯ ವಾರದ ನಡುಹಗಲಿನಲ್ಲಿ ಬೆಂಗಳೂರಿನ ಕಡೆ ಸುಮಾರು 9 ಮೀಟರು, ಬೀದರಿನ ಕಡೆ 10 ಮೀಟರಿಗೂ ಹೆಚ್ಚು ಉದ್ದದ ನೆರಳನ್ನು ಉತ್ತರಕ್ಕೆ ಚಾಚುತ್ತದೆ. ಅದು ಹಿಂಗಾರಿನ ಕಡಲೆ ಮತ್ತು ಬಿಳಿಜೋಳ ಹೊಲದಲ್ಲಿ ನಿಂತಿರುವ ಕಾಲ. ಜೂನ್ ತಿಂಗಳಲ್ಲಾದರೋ ನಡುಹಗಲಿನ ನೆರಳು ದಕ್ಷಿಣಕ್ಕೆ ತಿರುಗಿದರೂ ಎರಡು ಮೀಟರಿನ ಸುತ್ತಮುತ್ತ ಮಾತ್ರ ಇರುತ್ತದೆ. ಅಂದರೆ ನಮ್ಮ ಜಮೀನಿನ ಉತ್ತರದ ಬದುವಿನಲ್ಲಿ ಎತ್ತರದ ಮರಸಾಲು ಹಾಕಿದರೆ ಅದರ ನೆರಳಿನ ನಷ್ಟವೆಲ್ಲ ಉತ್ತರದ ನೆರೆಯವರ ಪಾಲು. ದಕ್ಷಿಣದ ಬದುವಿನಲ್ಲಿ ಹಾಕಿದರೆ ನಮ್ಮದೇ ಪಾಲು. ತೇಗ, ಹೆಬ್ಬೇವು, ಸಿಲ್ವರ್ ಓಕ್‌ಗಳನ್ನು ದಕ್ಷಿಣದ ಬದುವಿಗೆ ಇಟ್ಟು, ಉತ್ತರದ ಬದುವಿಗೆ ಲಕ್ಕಿ, ಮದರಂಗಿ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಇಂತಹ ಕುಳ್ಳು ಬೇಲಿಯನ್ನು ಇಡುವುದು ನ್ಯಾಯವಾದ ಕ್ರಮ. ಯಾವ ಕಾಯ್ದೆಯೂ ಒತ್ತಾಯಿಸದಿದ್ದರೂ ಇದನ್ನು ಪಾಲಿಸಿದವರ ಬದುವಿನಲ್ಲಿ ಜಗಳ ಹುಟ್ಟುವುದು ಕಡಿಮೆ.

ಶ್ರೀಗಂಧವನ್ನು ಬದುವಿನಲ್ಲಿ ನೆಡುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಶ್ರೀಗಂಧದ ಬೇರು ಆಸರೆಯ ಗಿಡಗಳ ಬೇರಿಗೆ ಅಂಟಿಕೊಂಡು ಅವುಗಳಿಂದ ಆಹಾರ ಪಡೆಯುತ್ತದೆ. ಆಸರೆಯ ಗಿಡವನ್ನು ನಾವೇ ನಮ್ಮ ಒಳಭಾಗದಲ್ಲಿ ಕೊಡದಿದ್ದರೆ ಅದು ಪಕ್ಕದ ತೋಟದ ಬೇರನ್ನು ಹುಡುಕುತ್ತದೆ. ಅದನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕಾಗಿರುವುದರಿಂದ, ಮುಂದೆ ಸ್ಥಳ ಬದಲಾಯಿಸಬೇಕಾದೀತು ಎಂಬ ಅನುಮಾನವಿರುವ ಅಂಚಿನಲ್ಲಿ ನೆಡದಿರುವುದೇ ಲೇಸು.

ಪಕ್ಕದವರ ಕೊಂಬೆ ನಮ್ಮ ಕಡೆಗೆ ಬಂದರೆ

ಗಡಿ ದಾಟಿ ಚಾಚಿದ ಕೊಂಬೆಯನ್ನು ಕಾನೂನು ಉಪದ್ರವವೆಂದೇ ನೋಡುತ್ತದೆ. ಹಾಗೆಂದು ಕೊಡಲಿ ಹಿಡಿದು ಹೊರಡುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಲ್ಲಿ ಮರ ಕಡಿಯುವುದು ಎಂಬುದರ ಅರ್ಥ ಬಹಳ ವಿಶಾಲವಾಗಿದೆ: ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದು, ತಲೆ ಕತ್ತರಿಸುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಮದ್ದು ಹಾಕಿ ಒಣಗಿಸುವುದು, ಸುಡುವುದು ಇವೆಲ್ಲವೂ ಅದರೊಳಗೆ ಬರುತ್ತವೆ. ಆದ್ದರಿಂದ ಕಾಯ್ದೆ ಅನ್ವಯಿಸುವ ಪ್ರದೇಶದಲ್ಲಿ ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಯ, ಲಿಖಿತ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ, ಹಾಲುವಾಣ, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ. ಗಡಿಬೇಲಿಗೆ ಗೊಬ್ಬರದ ಗಿಡವನ್ನೋ ಹಾಲುವಾಣವನ್ನೋ ಆರಿಸಿಕೊಂಡವರಿಗೆ ವರ್ಷಕ್ಕೆರಡು ಬಾರಿ ಸವರಲು ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ಆ ಗಿಡಗಳ ಪರವಾಗಿ ಹೇಳಬಹುದಾದ ದೊಡ್ಡ ಮಾತು. ಸೊಪ್ಪು ಗೊಬ್ಬರಕ್ಕೂ ಆಯಿತು.

ಕ್ರಮ ಹೀಗಿರಲಿ. ಮೊದಲು ಪಕ್ಕದವರೊಡನೆ ಮರದ ಬುಡದಲ್ಲೇ ನಿಂತು ಮಾತನಾಡಿ. ಯಾವ ಕೊಂಬೆ, ಎಲ್ಲಿಂದ ಸವರಬೇಕು ಎಂಬುದನ್ನು ಇಬ್ಬರೂ ಕಣ್ಣಾರೆ ನೋಡಿ ಒಪ್ಪಿಕೊಳ್ಳಿ. ಒಪ್ಪದಿದ್ದರೆ ದಿನಾಂಕ ಹಾಕಿ, ಫೋಟೊ ಲಗತ್ತಿಸಿ ಪತ್ರ ಕೊಡಿ. ನಂತರ ವೃಕ್ಷಾಧಿಕಾರಿಗೆ ಅರ್ಜಿ. ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯವಿರುವುದು, ಮರ ಸತ್ತಿರುವುದು, ರೋಗ ಹಿಡಿದಿರುವುದು ಇವು ಅನುಮತಿಗೆ ಕಾಯ್ದೆಯೇ ಒಪ್ಪುವ ಕಾರಣಗಳು. ಎಲೆ ಉದುರಿ ಅಂಗಳ ಕೊಳೆಯಾಗುತ್ತದೆ ಎಂಬುದು ಅಲ್ಲ. ಮರ ಇನ್ನೇನು ಬೀಳುತ್ತದೆ, ದಾರಿಯಲ್ಲಿ ಓಡಾಡುವವರಿಗೆ ಅಪಾಯವಿದೆ ಎಂಬ ಸ್ಥಿತಿಯಿದ್ದು ಮಾಲೀಕರು ಕಿವಿಗೊಡದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರ ಮುಂದೆ, ಅರ್ಜಿ ಸಲ್ಲಿಸಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಎಂದು ಊರಿನ ಹಿರಿಯರು ಹೇಳುತ್ತಿದ್ದದ್ದು ಇದನ್ನೇ.

ವಿದ್ಯುತ್ ತಂತಿಯ ಕೆಳಗೆ ಮತ್ತು ಪಕ್ಕದಲ್ಲಿ

ಇಲ್ಲಿ ಮೊದಲ ಕೆಲಸ ತಂತಿ ಯಾವುದು ಎಂದು ಗುರುತಿಸುವುದು. ಮನೆಗಳಿಗೆ ಮತ್ತು ಪಂಪ್‌ಸೆಟ್‌ಗಳಿಗೆ ಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ಮಾರ್ಗದಲ್ಲಿ ಕಂಬಗಳು ಗಿಡ್ಡ, ಪಿಂಗಾಣಿ ಬಟ್ಟಲುಗಳು ಚಿಕ್ಕವು, ತಂತಿಗಳು ನಾಲ್ಕೈದು. ಟಿಸಿಯವರೆಗೆ, ಅಂದರೆ ಟ್ರಾನ್ಸ್‌ಫಾರ್ಮರಿನವರೆಗೆ, ಬರುವ 11 ಕೆವಿ (ಕಿಲೋವೋಲ್ಟ್) ಮಾರ್ಗದಲ್ಲಿ ಮೂರೇ ತಂತಿಗಳು, ಅಡ್ಡತೋಳಿನ ಮೇಲೆ ನೆಟ್ಟಗೆ ನಿಂತ ದೊಡ್ಡ ಇನ್ಸುಲೇಟರುಗಳು. ಕಬ್ಬಿಣದ ಜಾಲರಿ ಟವರುಗಳ ಮೇಲೆ ಹೋಗುವುದು 66, 110, 220 ಕೆವಿಯ ಪ್ರಸರಣ ಮಾರ್ಗಗಳು. ಅನುಮಾನವಿದ್ದರೆ ಊರಿನ ಪವರ್‌ಮ್ಯಾನ್ ಅವರನ್ನು ಕೇಳಿ. ಯಾವ ಫೀಡರು, ಎಷ್ಟು ವೋಲ್ಟೇಜು, ಎಂದಿನಿಂದ ಇದೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ.

ಕಟ್ಟಡಗಳಿಗೆ ಬಿಡಬೇಕಾದ ಅಂತರವನ್ನು ವಿದ್ಯುತ್ ಸುರಕ್ಷತಾ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಎಲ್‌ಟಿ ತಂತಿಯಿಂದ ಅಡ್ಡಲಾಗಿ 1.2 ಮೀಟರು, ಲಂಬವಾಗಿ 2.5 ಮೀಟರು, 11 ಕೆವಿಯಿಂದ ಅಡ್ಡಲಾಗಿ 1.2, ಲಂಬವಾಗಿ 3.7 ಮೀಟರು, 33 ಕೆವಿಯಾದರೆ ಅಡ್ಡಲಾಗಿ 2 ಮೀಟರು. ಮರಕ್ಕೆ ಈ ಅಂತರ ಸಾಲದು, ಏಕೆಂದರೆ ಗೋಡೆ ಬೆಳೆಯುವುದಿಲ್ಲ, ತೂಗುವುದಿಲ್ಲ. ಅರಣ್ಯ ಪ್ರದೇಶದಲ್ಲಿ ಮಾರ್ಗ ಎಳೆಯುವುದಕ್ಕೆಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿರುವ ಮಾರ್ಗಸೂಚಿಯಲ್ಲಿ ತಂತಿಗೂ ಮರಕ್ಕೂ ನಡುವೆ ಇರಬೇಕಾದ ಕನಿಷ್ಠ ಅಂತರ 11 ಕೆವಿಗೆ 2.6 ಮೀಟರು, 33 ಕೆವಿಗೆ 2.8, 66 ಕೆವಿಗೆ 3.4, 110 ಕೆವಿಗೆ 3.7, 220 ಕೆವಿಗೆ 4.6 ಮೀಟರು. ಮಾರ್ಗದ ಪಟ್ಟಿಯ ಅಗಲವನ್ನೂ ಅದೇ ಮಾರ್ಗಸೂಚಿ ಕೊಡುತ್ತದೆ: 11 ಕೆವಿಗೆ 7 ಮೀಟರು, 33 ಕೆವಿಗೆ 15, 66 ಕೆವಿಗೆ 18, 110 ಕೆವಿಗೆ 22, 220 ಕೆವಿಗೆ 35 ಮೀಟರು. ನಮ್ಮ ತೋಟ ಅರಣ್ಯವಲ್ಲದಿದ್ದರೂ ಮರ ಮತ್ತು ತಂತಿಯ ಸಂಬಂಧ ಎಲ್ಲೆಡೆ ಒಂದೇ ಆದುದರಿಂದ ಯೋಜನೆಗೆ ಈ ಅಂಕಿಗಳನ್ನೇ ಹಿಡಿಯುವುದು ಕ್ಷೇಮ.

ಇನ್ನು ಒಂದು ಕಳೆಯುವ ಲೆಕ್ಕ ಮಾಡಿ ನೋಡಿ. ರಸ್ತೆಯಿಂದ ದೂರವಿರುವ ಜಾಗದಲ್ಲಿ 11 ಕೆವಿಯ ಬರಿಯ ತಂತಿ ನೆಲದಿಂದ ಕನಿಷ್ಠ 4.6 ಮೀಟರು ಎತ್ತರದಲ್ಲಿರಬೇಕು ಎಂಬುದು ನಿಯಮ. ಅದರಲ್ಲಿ ಮರಕ್ಕೆ ಬಿಡಬೇಕಾದ 2.6 ಮೀಟರನ್ನು ಕಳೆದರೆ ಉಳಿಯುವುದು 2 ಮೀಟರು. 66 ಕೆವಿಯ ತಂತಿ 5.5 ಮೀಟರಿನಲ್ಲಿರಬೇಕು, 3.4 ಕಳೆದರೆ 2.1. 220 ಕೆವಿಗೆ 7 ಮೀಟರು, 4.6 ಕಳೆದರೆ 2.4. ವೋಲ್ಟೇಜು ಇಪ್ಪತ್ತು ಪಟ್ಟು ಹೆಚ್ಚಿದರೂ ತಂತಿ ಅತ್ಯಂತ ಕೆಳಗೆ ತೂಗಿರುವ ಜಾಗದಲ್ಲಿ ಗಿಡಕ್ಕೆ ಸಿಗುವ ಎತ್ತರ ಹೆಚ್ಚುಕಡಿಮೆ ಒಬ್ಬ ಆಳಿನ ಎತ್ತರವೇ. ತಂತಿಯ ಕೆಳಗೆ ಏನು ಬೆಳೆಯಬಹುದು ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ತರಕಾರಿ, ಹೂವು, ಶುಂಠಿ, ಮೇವಿನ ಹುಲ್ಲು, ಸವರಿ ಕುಳ್ಳಾಗಿಟ್ಟ ಕಾಫಿ, ಮಲ್ಲಿಗೆ, ದಾಸವಾಳ. ನಿಂಬೆ ಮತ್ತು ಸೀಬೆಯನ್ನು ವರ್ಷವರ್ಷವೂ ತಪ್ಪದೆ ಸವರುವವರು ಮಾತ್ರ, ಅದೂ ತಂತಿಯ ನೇರ ಕೆಳಗೆ ಬಿಟ್ಟು ಅಂಚಿನಲ್ಲಿ, ಇಡಬಹುದು. ನುಗ್ಗೆ ಬೇಡವೇ ಬೇಡ. ಅದು ಒಂದೇ ಮಳೆಗಾಲದಲ್ಲಿ ತಂತಿ ಮುಟ್ಟುತ್ತದೆ, ಅದರ ಕೊಂಬೆಯೂ ಬಲು ಪೆಳಸು.

ತಂತಿಯ ಎತ್ತರವನ್ನು ಕೋಲು, ಟೇಪು, ಏಣಿ ಯಾವುದನ್ನೂ ಮೇಲೆತ್ತಿ ಅಳೆಯಬಾರದು. ಚೌಕದ ಒಂದು ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನವಾಗುತ್ತದೆ. ಅದರ ಒಂದು ಗಿಡ್ಡ ಅಂಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಮಡಚಿದ ಉದ್ದನೆಯ ಅಂಚಿನಗುಂಟ ನೋಡುತ್ತ, ತಂತಿಯು ಅದೇ ನೇರದಲ್ಲಿ ಕಾಣುವವರೆಗೆ ಹಿಂದೆ ಸರಿಯಿರಿ. ನೀವು ನಿಂತ ಜಾಗದಿಂದ ತಂತಿಯ ಕೆಳಗಿನ ನೆಲದ ಬಿಂದುವಿನವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರವನ್ನು ಸೇರಿಸಿದರೆ ತಂತಿಯ ಎತ್ತರ ಸಿಗುತ್ತದೆ. ನೆಲ ಇಳಿಜಾರಾಗಿದ್ದರೆ ಇಳಿಜಾರಿನ ಉದ್ದಕ್ಕೆ ನಿಲ್ಲದೆ ಅಡ್ಡಕ್ಕೆ, ಒಂದೇ ಮಟ್ಟದಲ್ಲಿ ನಿಂತು ನೋಡಬೇಕು. ಎರಡು ಕಂಬಗಳ ನಡುವೆ ತಂತಿ ಜೋತಿರುವ ಕಡೆಯಲ್ಲೇ ಅಳೆಯಿರಿ, ಕಂಬದ ಬಳಿಯಲ್ಲಲ್ಲ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಅಳೆದರೆ ಇನ್ನೂ ಒಳ್ಳೆಯದು, ಏಕೆಂದರೆ ಬಿಸಿಲಿಗೆ ಲೋಹ ಹಿಗ್ಗಿ ತಂತಿ ವರ್ಷದಲ್ಲೇ ಅತಿ ಹೆಚ್ಚು ಕೆಳಗಿಳಿದಿರುವುದು ಆಗಲೇ. ಪಟ್ಟಿಯ ಅಗಲ ಗುರುತಿಸಲು ಕಂಬದ ಬುಡದಿಂದ ಮುಂದಿನ ಕಂಬದ ಬುಡಕ್ಕೆ ನೆಲದ ಮೇಲೆ ನೂಲಿನ ಹಗ್ಗ ಎಳೆದು, 11 ಕೆವಿಯಾದರೆ ಹಗ್ಗದ ಎರಡೂ ಕಡೆ ಮೂರೂವರೆ ಮೀಟರಿಗೆ ಗೂಟ ಹೊಡೆಯಿರಿ. ಆ ಗೂಟಗಳ ಒಳಗೆ ಮರ ಬೇಡ. ಹೊರಗೂ ಎಲ್ಲ ಮರಗಳಿಗೆ ಅವಕಾಶವಿಲ್ಲ. ಎತ್ತರದ ಜಾತಿಯ ತೆಂಗಿನ ಗರಿ ಐದಾರು ಮೀಟರು ಉದ್ದವಿರುತ್ತದೆ. ಬುಡವನ್ನು ಗೂಟದ ಪಕ್ಕದಲ್ಲೇ ಇಟ್ಟರೆ ಗರಿ ತಂತಿಯ ಮೇಲೆ ಒರಗುತ್ತದೆ. ಹಗ್ಗದಿಂದ ಒಂಬತ್ತು ಹತ್ತು ಮೀಟರು ಬಿಟ್ಟರೆ ಮಾತ್ರ ಗರಿಯ ಕಾಟ ತಪ್ಪುತ್ತದೆ. ಗುಲ್‌ಮೊಹರ್, ಆಕಾಶಮಲ್ಲಿಗೆ ಮತ್ತು ದೊಡ್ಡ ಬಿದಿರಿನ ಮೆಳೆಗೆ ಅವುಗಳ ಪೂರ್ಣ ಎತ್ತರದಷ್ಟು ದೂರ ಬಿಡಬೇಕು. ಮೊದಲೆರಡು ಗಾಳಿಗೆ ಸುಲಭವಾಗಿ ಮುರಿಯುವ, ಉರುಳುವ ಮರಗಳು, ಮೂರನೆಯದು ಮಳೆಯ ನೀರು ಹೊತ್ತಾಗ ಬಾಗಿ ತಂತಿಗೆ ಆನುವಂಥದ್ದು.

ಅಡಿಕೆ ತೋಟದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮಲೆನಾಡಿನಲ್ಲಿ ಈಗ ಕೊನೆ (ಅಡಿಕೆ ಗೊಂಚಲು) ಇಳಿಸುವುದಕ್ಕೂ ಔಷಧಿ ಹೊಡೆಯುವುದಕ್ಕೂ ನೆಲದಲ್ಲೇ ನಿಂತು ಬಳಸುವ ಉದ್ದನೆಯ ದೋಟಿಗಳು ಬಂದಿವೆ. ಮರ ಹತ್ತುವ ಅಪಾಯವನ್ನು ಅವು ತಪ್ಪಿಸಿವೆ, ಆದರೆ ಬೇರೊಂದನ್ನು ತಂದಿವೆ. ಅಲ್ಯೂಮಿನಿಯಂ ವಿದ್ಯುತ್ ಹರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಗುರವೆಂದು ಕೊಂಡುತಂದ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪೂರ್ತಿ ಚಾಚಿದ ದೋಟಿ ಕೈಯಿಂದ ವಾಲಿದಾಗ ಅದರ ತುದಿ ಎಲ್ಲಿಗೆ ಬೀಳುತ್ತದೋ ಅಲ್ಲಿಯವರೆಗೂ ತಂತಿ ಇರಕೂಡದು. ಹೊಸ ತೋಟ ಹಾಕುವವರು ಅಡಿಕೆಗೆ ಕೊಡುವ 2.7 ಮೀಟರಿನ ಅಂತರದ ಸಾಲುಗಳನ್ನು ಎಣಿಸುತ್ತ ಬಂದು, ತಂತಿಯ ಹತ್ತಿರದ ಕೊನೆಯ ಸಾಲುಗಳನ್ನು ಬಿಟ್ಟುಬಿಡಬೇಕು. ಆ ಜಾಗಕ್ಕೆ ಕಾಫಿಯೋ ಹೂವೋ ಸಾಕು. ಹಳೆಯ ತೋಟದಲ್ಲಿ ತಂತಿಯ ಅಕ್ಕಪಕ್ಕದ ಸಾಲುಗಳ ಮರಗಳಿಗೆ ಸುಣ್ಣದ ಗುರುತು ಹಾಕಿ, ಆ ಮರಗಳ ಕೊಯ್ಲಿನ ದಿನ ಮಾರ್ಗ ಬಂದ್ ಮಾಡಿಸಿಕೊಂಡೇ ಕೆಲಸ ಮಾಡಿಸಬೇಕು. ಕೊನೆಗಾರರು ದಿನಗೂಲಿಯ ಅವಸರದಲ್ಲಿರುತ್ತಾರೆ. ಈ ಗುರುತು ಹಾಕುವುದು ತೋಟದ ಯಜಮಾನರ ಹೊಣೆ.

ತಂತಿಯ ಹತ್ತಿರದ ಕೊಂಬೆಯನ್ನು ಯಾರು ಸವರಬೇಕು?

ನಾವಲ್ಲ. ಹಸಿ ಕೊಂಬೆ ವಿದ್ಯುತ್ ಹರಿಸುತ್ತದೆ, ಕತ್ತರಿಸಿದ ಕೊಂಬೆ ಯಾವ ಕಡೆಗೆ ತಿರುಗಿ ಬೀಳುತ್ತದೆಂದು ಹೇಳಲಾಗದು. ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಅಥವಾ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಸಿಬ್ಬಂದಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ (ಮಾರ್ಗದ ವಿದ್ಯುತ್ ನಿಲ್ಲಿಸಿರುವ ಖಾತರಿ) ತೆಗೆದುಕೊಂಡು, ಮಾರ್ಗವನ್ನು ಭೂಸ್ಪರ್ಶಗೊಳಿಸಿದ ಮೇಲೆಯೇ ಕೊಂಬೆ ಮುಟ್ಟುತ್ತಾರೆ. ಮುಂಗಾರಿಗೆ ಮೊದಲು ಜಂಗಲ್ ಕಟಿಂಗ್ ಎಂದು ಮಾರ್ಗದುದ್ದಕ್ಕೂ ಸವರುತ್ತಾರಲ್ಲ, ಆಗ ಮಾಲೀಕರು ಸ್ಥಳದಲ್ಲಿರುವುದು ಬಹಳ ಮುಖ್ಯ. ಯಾರೂ ಇಲ್ಲದಿದ್ದರೆ ಅವಸರದಲ್ಲಿ ಮರದ ತಲೆಯನ್ನೇ ಕತ್ತರಿಸಿ ಹೋಗುವುದುಂಟು. ಹಾಗೆ ಬೋಳಾದ ತುದಿಯಿಂದ ಹತ್ತಾರು ಬಡಕಲು ಚಿಗುರು ಒಮ್ಮೆಲೇ ಎದ್ದು ಮರುವರ್ಷ ಇನ್ನೂ ಬೇಗ ತಂತಿ ಮುಟ್ಟುತ್ತವೆ. ತಂತಿಯ ಕಡೆಗೆ ಹೋದ ಕೊಂಬೆಯನ್ನು ಅದು ಹುಟ್ಟಿದ ಕವಲಿನವರೆಗೂ ತೆಗೆದು, ಉಳಿದ ಕಡೆಯ ಕೊಂಬೆಗಳನ್ನು ಬಿಡಿ ಎಂದು ಅಲ್ಲೇ ನಿಂತು ಕೇಳಿಕೊಂಡರೆ ಮರವೂ ಬದುಕುತ್ತದೆ, ಕೆಲಸವೂ ಎರಡು ವರ್ಷಕ್ಕೆ ಬರುತ್ತದೆ.

ಮರ ಮೊದಲೋ, ತಂತಿ ಮೊದಲೋ?

ವಿದ್ಯುಚ್ಛಕ್ತಿ ಕಾಯ್ದೆ, 2003ರ 68ನೇ ಕಲಮನ್ನು ಗಡಿಯಂಚಿನಲ್ಲಿ ಗಿಡ ನೆಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಮೇಲೆ ಹಾದ ತಂತಿಗೆ ಅಡ್ಡಿಯಾಗುವ ಅಥವಾ ಅಡ್ಡಿಯಾಗಬಹುದಾದ ಮರವನ್ನು ತೆಗೆಸಲು ವಿದ್ಯುತ್ ಕಂಪನಿ ಕಾರ್ಯನಿರ್ವಾಹಕ ದಂಡಾಧಿಕಾರಿಗೋ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೋ ಅರ್ಜಿ ಸಲ್ಲಿಸಬಹುದು, ಅವರು ಆದೇಶ ಮಾಡಬಹುದು. ಆದರೆ ತಂತಿ ಎಳೆಯುವುದಕ್ಕೆ ಮೊದಲೇ ಮರವಿತ್ತು ಎಂದಾದರೆ ಮರದ ಹಕ್ಕುದಾರರಿಗೆ ಸೂಕ್ತ ಪರಿಹಾರ ಕೊಡಿಸಬೇಕು, ಅದನ್ನು ಕಂಪನಿಯಿಂದ ವಸೂಲು ಮಾಡಬಹುದು ಎಂದು ಅದೇ ಕಲಮು ಹೇಳುತ್ತದೆ. ತಂತಿ ಬಂದ ಮೇಲೆ ನೆಟ್ಟ ಮರಕ್ಕೆ ಆ ರಕ್ಷಣೆ ಇಲ್ಲ. ಈ ಕಲಮಿನ ಮಟ್ಟಿಗೆ ಮರ ಎಂದರೆ ಪೊದೆ, ಬೇಲಿಗಿಡ, ಕಾಡು ಬೆಳೆ ಎಲ್ಲವೂ ಸೇರುತ್ತದೆ. ಆದ್ದರಿಂದ ನನ್ನದು ಬರೀ ಬೇಲಿ ಎಂಬ ವಾದ ನಿಲ್ಲುವುದಿಲ್ಲ.

ಹೀಗಾಗಿ ಹಳೆಯ ಮರಗಳಿರುವವರು ಇಂದೇ ಸಾಕ್ಷ್ಯ ಕೂಡಿಟ್ಟುಕೊಳ್ಳುವುದು ಜಾಣತನ. ಪಹಣಿಯಲ್ಲಿ ಮರಗಳನ್ನು ನಮೂದಿಸುವ ಜಾಗವಿದೆ. ಅಲ್ಲಿ ಮರದ ಜಾತಿ ಮತ್ತು ಸಂಖ್ಯೆ ದಾಖಲಾಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಗಳಲ್ಲಿ ಕೇಳಿ. ಹೊಸ ಮಾರ್ಗದ ಸರ್ವೆಗೆ ಬಂದಾಗ ಪ್ರತಿ ಮರದ ಸುತ್ತಳತೆ, ವಯಸ್ಸು, ಇಳುವರಿಯನ್ನು ಬರೆದ ಮಹಜರಿಗೆ ಸಹಿ ಹಾಕುವ ಮುನ್ನ ಎಣಿಕೆಯನ್ನು ಸ್ವತಃ ತಾಳೆ ನೋಡಿ, ಪ್ರತಿಯನ್ನು ಕೇಳಿ ಪಡೆಯಿರಿ. ಕಂಬವನ್ನೇ ಗಡಿಯಂಚಿಗೆ ಸರಿಸಬೇಕೆಂದಿದ್ದರೆ ಅಥವಾ ಬರಿಯ ತಂತಿಯ ಬದಲು ಹೊದಿಕೆಯ ಕೇಬಲ್ ಹಾಕಿಸಬೇಕೆಂದಿದ್ದರೆ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಅಂದಾಜು ಪಟ್ಟಿ ಪಡೆಯಬಹುದು; ಆ ವೆಚ್ಚ ಸಾಮಾನ್ಯವಾಗಿ ಕೇಳಿದವರದೇ. ದೊಡ್ಡ ಮರವೊಂದನ್ನು ಉಳಿಸಿಕೊಳ್ಳಲು ನೆರೆಹೊರೆಯ ಎರಡು ಮೂರು ಮನೆಯವರು ಸೇರಿ ಈ ವೆಚ್ಚ ಹಂಚಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸಾರ್ಥಕವಾದ ಖರ್ಚು.

ನೆಲದಡಿಯ ಮಾರ್ಗಗಳು ಮತ್ತು ಬೇಲಿಯ ತಂತಿ

ಕಣ್ಣಿಗೆ ಕಾಣದ ಮಾರ್ಗಗಳು ಹೆಚ್ಚು ಕಟ್ಟುನಿಟ್ಟು. ದಾಭೋಳ–ಬೆಂಗಳೂರು ಅನಿಲ ಕೊಳವೆ, ಮಂಗಳೂರು–ಹಾಸನ–ಬೆಂಗಳೂರು ತೈಲ ಕೊಳವೆ ಮುಂತಾದವು ಹಾದುಹೋಗಿರುವ ಜಮೀನಿನ ಒಡೆತನ ರೈತರದೇ ಆಗಿದ್ದರೂ, ಬಳಕೆಯ ಹಕ್ಕು ಪಡೆದ ಪಟ್ಟಿಯ ಮೇಲೆ ಕಟ್ಟಡ ಕಟ್ಟುವುದನ್ನೂ ಬಾವಿ, ಕೆರೆ ತೋಡುವುದನ್ನೂ ಮರ ನೆಡುವುದನ್ನೂ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯ 9ನೇ ಕಲಮು ನಿರ್ಬಂಧಿಸಿದೆ. ವಾರ್ಷಿಕ ಬೆಳೆಗಳನ್ನು ಬೆಳೆಯಬಹುದು. ಪಟ್ಟಿ ಎಲ್ಲಿಂದ ಎಲ್ಲಿಯವರೆಗಿದೆ ಎಂಬುದಕ್ಕೆ ಹೊಲದಲ್ಲಿ ನೆಟ್ಟಿರುವ ಗುರುತಿನ ಕಂಬಗಳನ್ನು ನೋಡಿ, ಅವುಗಳ ಮೇಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಿ. ನಗರದಲ್ಲಿ ಫುಟ್‌ಪಾತಿನಡಿಯ ವಿದ್ಯುತ್ ಕೇಬಲ್, ನೀರಿನ ಕೊಳವೆ, ಒಳಚರಂಡಿಗಳು ಒಂದರ ಪಕ್ಕ ಒಂದಿರುತ್ತವೆ. ಗುಂಡಿ ತೋಡುವ ಮುನ್ನ ವಾರ್ಡಿನ ಇಂಜಿನಿಯರನ್ನು ಕೇಳಬೇಕು, ಹಾರೆಯ ಬದಲು ಸಲಿಕೆಯಿಂದ ನಿಧಾನವಾಗಿ ತೋಡಬೇಕು. ಮಣ್ಣಿನಲ್ಲಿ ಇಟ್ಟಿಗೆಯ ಸಾಲೋ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯೋ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಅದರಡಿ ಕೇಬಲ್ ಇದೆ.

ಮುಳ್ಳುತಂತಿ ಅಥವಾ ಚೈನ್‌ಲಿಂಕ್ ಬೇಲಿ 11 ಕೆವಿ ಮಾರ್ಗದ ಕೆಳಗೆ ಹಾದಿದ್ದರೆ, ಮೇಲಿನ ತಂತಿ ಹರಿದು ಬಿದ್ದಾಗ ಇಡೀ ಬೇಲಿಗೆ ವಿದ್ಯುತ್ ಹರಿಯಬಹುದು. ಮಾರ್ಗ ದಾಟುವ ಜಾಗದ ಎರಡೂ ಬದಿಗೆ ಬೇಲಿಗೆ ಅರ್ಥಿಂಗ್ ಕೊಡಿಸಿ, ದಾಟುವ ಭಾಗವನ್ನು ಉಳಿದ ಬೇಲಿಯಿಂದ ತುಂಡರಿಸಿ ಗಿಡಬೇಲಿಯಾಗಿ ಮಾಡಿದರೆ ಇನ್ನೂ ಕ್ಷೇಮ. ಬೇಲಿಯ ತಂತಿಯನ್ನು ವಿದ್ಯುತ್ ಕಂಬಕ್ಕಾಗಲಿ ಅದನ್ನು ಓರೆಯಾಗಿ ನೆಲಕ್ಕೆ ಬಿಗಿದಿರುವ ಸ್ಟೇ ವೈರಿಗಾಗಲಿ ಬಿಗಿಯಕೂಡದು, ಬಟ್ಟೆ ಒಣಗಿಸುವ ತಂತಿಯನ್ನೂ ಅಷ್ಟೇ. ಸ್ಟೇ ವೈರಿನ ಮೇಲೆ ಅವರೆ, ಹೀರೆ, ತೊಂಡೆಯ ಬಳ್ಳಿ ಹಬ್ಬಿಸುವುದು ಊರೂರುಗಳಲ್ಲಿ ಕಾಣುವ ಅಭ್ಯಾಸ. ಬಳ್ಳಿ ತುದಿ ಮುಟ್ಟಿದ ದಿನ ಕಾಯಿ ಕೀಳಲು ಕೈ ಹಾಕಿದವರಿಗೆ ಅದೇ ಮೃತ್ಯುವಾಗಬಹುದು. ಟಿಸಿಯ ಸುತ್ತಲಿನ ಜಾಗವನ್ನು ಒಣಹುಲ್ಲಿನಿಂದಲೂ ಪೊದೆಯಿಂದಲೂ ಮುಕ್ತವಾಗಿಡಬೇಕು. ಬೇಸಿಗೆಯಲ್ಲಿ ಒಂದು ಕಿಡಿ ಸಿಡಿದರೂ ಬದುವಿನುದ್ದಕ್ಕೆ ಬೆಂಕಿ ಹೋಗುತ್ತದೆ.

ಅರ್ಜಿ ಬರೆಯುವಾಗ

ವೃಕ್ಷಾಧಿಕಾರಿಗಾಗಲಿ ವಿದ್ಯುತ್ ಕಚೇರಿಗಾಗಲಿ ಕೊಡುವ ಅರ್ಜಿಯಲ್ಲಿ ಸರ್ವೆ ನಂಬರ್ ಅಥವಾ ನಿವೇಶನದ ಸಂಖ್ಯೆ, ಮರದ ಜಾತಿ, ಎದೆಮಟ್ಟದಲ್ಲಿ ಅಳೆದ ಸುತ್ತಳತೆ, ಗಡಿಯಿಂದ ಬುಡಕ್ಕಿರುವ ದೂರ, ಹತ್ತಿರದ ಕಂಬದ ಮೇಲೆ ಬರೆದಿರುವ ಸಂಖ್ಯೆ ಅಥವಾ ಟಿಸಿಯ ಹೆಸರು, ಎರಡು ದಿಕ್ಕಿನಿಂದ ತೆಗೆದ ಫೋಟೊ ಇವಿಷ್ಟೂ ಇರಲಿ. ಕೊಂಬೆ ಸವರಿದರೆ ಸಾಕಾಗುವಲ್ಲಿ ಮರ ತೆಗೆಯಬೇಕೆಂದು ಕೇಳಬೇಡಿ. ಸವರುವ ಕೋರಿಕೆಯನ್ನು ಒಪ್ಪುವುದು ಅಧಿಕಾರಿಗಳಿಗೂ ಸುಲಭ. ಮರವನ್ನೇ ತೆಗೆಯಬೇಕಾಗಿ ಬಂದರೆ, ಬದಲಿಗೆ ಯಾವ ಸಸಿಯನ್ನು ಎಲ್ಲಿ ನೆಡುತ್ತೀರಿ ಎಂಬುದನ್ನು ಅದೇ ಅರ್ಜಿಯಲ್ಲಿ ಬರೆಯಿರಿ, ಏಕೆಂದರೆ ಬದಲಿ ಸಸಿ ನೆಡಬೇಕೆಂಬ ಷರತ್ತಿನೊಡನೆಯೇ ಸಾಮಾನ್ಯವಾಗಿ ಅನುಮತಿ ಬರುತ್ತದೆ. ಅರ್ಜಿಯ ಸ್ವೀಕೃತಿಯನ್ನೂ ಪಕ್ಕದವರ ಒಪ್ಪಿಗೆ ಪತ್ರವಿದ್ದರೆ ಅದನ್ನೂ ಜಮೀನಿನ ಕಾಗದಪತ್ರಗಳ ಜೊತೆಯಲ್ಲಿಯೇ ಇಡಿ. ಮಾಲೀಕರು ಬದಲಾದಾಗ ಮುಂದಿನವರು ಮೊದಲು ಹುಡುಕುವುದು ಇದೇ ಕಾಗದವನ್ನು.